ಪರದೆಯ ಮೇಲೊಂದು ಹಸಿರು ಚುಕ್ಕೆ

"ಮೇಡಂ, ಆ ಕಂಬದ ಹತ್ರ ಹೋಗ್ಬೇಡಿ!"

ಕೂಗು ಕೇಳಿಸುವಷ್ಟರಲ್ಲೇ ಯಾರೋ ಯಾಮಿನಿಯ ಮೊಣಕೈ ಹಿಡಿದು ಹಿಂದಕ್ಕೆ ಎಳೆದರು. ಅವಳು ನಿಂತಿದ್ದ ಜಾಗಕ್ಕೇ ಮೇಲಿಂದ ಕಾಂಕ್ರೀಟಿನ ಚೂರೊಂದು ಬಿದ್ದು ಪುಡಿಯಾಯಿತು.

ತಿರುಗಿ ನೋಡಿದಳು. ಸಿಮೆಂಟಿನ ಧೂಳು ಮೆತ್ತಿದ ಮುಖ. ಕೆಂಡದಂಥ ಕಣ್ಣು.

"ನಾನು ಅಂಬರೀಶ್, ಸೈಟ್ ಎಂಜಿನಿಯರ್. ಟ್ಯಾಬ್ ನೋಡ್ಕೊಂಡು ಓಡಾಡೋ ಜಾಗ ಅಲ್ಲ ಇದು!"

"ಟ್ಯಾಬ್ ನೋಡಕ್ಕೇ ನನ್ನ ಕಳಿಸಿರೋದು!"

ಅವನ ಕೈ ಇನ್ನೂ ಅವಳ ಮೊಣಕೈ ಮೇಲಿತ್ತು. ಇಬ್ಬರಿಗೂ ಒಟ್ಟಿಗೇ ಅರಿವಾಯಿತು... ಥಟ್ಟನೆ ಬಿಟ್ಟ.

ಚಿಂತಾಮಣಿಯ ಹೊರಗೆ, ಅಂಬಾಜಿದುರ್ಗದ ರಸ್ತೆಯಲ್ಲಿ ಏಳುತ್ತಿದ್ದ ಕಲ್ಯಾಣ ಮಂಟಪ ಅದು. ಅದರ ಪ್ಲಾನು ರೂಪಿಸಿದ್ದು ಚಿಕ್ಕಬಳ್ಳಾಪುರದಲ್ಲಿ ಯಾಮಿನಿ ಕೆಲಸ ಮಾಡುವ ಆಫೀಸು. ಅವಳು ಟ್ಯಾಬ್ ಎತ್ತಿ ಹಿಡಿದರೆ ಕಂಪ್ಯೂಟರಿನ ಪ್ಲಾನು ನಿಜವಾದ ಗೋಡೆ, ಕಂಬಗಳ ಮೇಲೆ ಬಂದು ಕೂರುತ್ತಿತ್ತು. ಸರಿ ಇದ್ದರೆ ಹಸಿರು, ವ್ಯತ್ಯಾಸವಿದ್ದರೆ ಕೆಂಪು. ಪ್ರತಿ ಹೆಲ್ಮೆಟ್ಟಿನಲ್ಲೂ ಒಂದು ಪುಟ್ಟ ಚಿಪ್. ಯಾರು ಎಲ್ಲಿದ್ದಾರೆ ಅನ್ನುವುದು ಪರದೆಯ ಮೇಲೆ ಹಸಿರು ಚುಕ್ಕೆಯಾಗಿ ಕಾಣುತ್ತಿತ್ತು, ಪಕ್ಕದಲ್ಲೇ ಹೆಸರು.

ಅವತ್ತು ಮೂಲೆಯ ಕಂಬ ಕೆಂಪಗಿತ್ತು.

"ಇದು ಕೂರ್ತಿದೆ ಅಂಬರೀಶ್... ಒಂದು ಬೆರಳಿನಷ್ಟು ಕೆಳಗೆ ಹೋಗಿದೆ."

ಅವನ ಮುಖದ ಸಿಟ್ಟು ಇಳಿದು ಇನ್ನೇನೋ ಆವರಿಸಿತು. ಭಯ.

ಅಂದಿನಿಂದ ವಾರವಾರವೂ ಬಂದಳು. ಅವನು ಅವಳಿಗೆಂದೇ ಸಕ್ಕರೆ ಕಡಿಮೆ ಹಾಕಿಸಿ ಟೀ ತರಿಸುತ್ತಿದ್ದ. ಅವನು ನಕ್ಕರೆ ಅವಳಿಗೆ ಬಸ್ಸಿನ ದಾರಿಯುದ್ದಕ್ಕೂ ಅದೇ ನೆನಪು. ಆದರೆ ಟ್ಯಾಬ್ ಎತ್ತಿದಾಗೆಲ್ಲ ಆ ನಗು ಮರೆತುಹೋಗುತ್ತಿತ್ತು. ಕೆಂಪು ಈಗ ಕಂಬದಿಂದ ತೊಲೆಗೆ, ತೊಲೆಯಿಂದ ಚಾವಣಿಗೆ ಹರಡಿತ್ತು. ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು. ಒಳಗೆ ಏನೋ ಕಟಕಟ ಅನ್ನುವ ಸದ್ದು...

ಮಾಲೀಕ ರಮೇಶ್‌ಬಾಬುವಿನ ಮುಂದೆ ಅವಳು ನೇರವಾಗಿ ಹೇಳಿದಳು. "ಕೆಲಸ ನಿಲ್ಸಿ ಸಾರ್."

"ಏನಮ್ಮಾ, ಆಟದ ಸಾಮಾನು ಹಿಡ್ಕೊಂಡು ಬಂದು ನನ್ ಬಿಲ್ಡಿಂಗ್ ಬೀಳತ್ತೆ ಅಂತೀಯಾ? ಅಂಬರೀಶ್, ನೀನೇನಂತೀಯಪ್ಪಾ?"

ಯಾಮಿನಿ ಆಸೆಯಿಂದ ಅವನತ್ತ ನೋಡಿದಳು.

ಅವನು ತಲೆ ತಗ್ಗಿಸಿದ.

'ಇಷ್ಟೇನಾ ನೀನು?' ಅಂದುಕೊಂಡಳು.

ಮುಂದಿನ ವಾರ ಗೇಟಿನಲ್ಲೇ ಕಾವಲುಗಾರ ಅಡ್ಡ ನಿಂತ. "ಬಿಡಬೇಡ ಅಂದವ್ರಮ್ಮಾ, ಅಂಬರೀಶ್ ಸಾರು."

ಅವಮಾನಕ್ಕೆ ಕಣ್ಣು ತುಂಬಿ ಬಂತು. ಬಿರುಕು ಮುಚ್ಚಿಡುವುದಕ್ಕೆ ತಾನೇ ಇದು! ಅಲ್ಲೇ ನಿಂತು ಟ್ಯಾಬ್ ತೆರೆದಳು.

ಚುಕ್ಕೆಗಳು ಗೇಟಿನ ಕಡೆಗೆ ಚಲಿಸುತ್ತಿದ್ದವು. ಕೆಲಸದವರು ಗುಂಪುಗುಂಪಾಗಿ ಹೊರಗೆ ಓಡಿ ಬಂದರು. "ಸಾರು ಎಲ್ಲಾರ್ನೂ ಆಚೆ ಹೋಗಿ ಅಂದ್ರು!"

ಒಳಗೆ ಉಳಿದದ್ದು ಒಂದೇ ಚುಕ್ಕೆ. ಅಂಬರೀಶ್. ಅದೂ ಮೂಲೆ ಕಂಬದ ಹತ್ತಿರ!

"ಬಾ... ಬಂದುಬಿಡು..." ಪಿಸುಗುಟ್ಟಿದಳು. ಕಟ್ಟಡದೊಳಗಿಂದ ಮರ ಸೀಳಿದಂಥ ಸದ್ದು.

ಚುಕ್ಕೆ ಅಲುಗಿತು. ಬಾಗಿಲು ದಾಟಿತು. ಹೊರಗೆ ಬಂತು!

ಯಾಮಿನಿ ಕಾವಲುಗಾರನನ್ನು ತಳ್ಳಿ ಓಡಿದಳು. ಎದುರಿಗೆ ಬಂದ ಹೆಲ್ಮೆಟ್ಟಿನ ಕೆಳಗಿದ್ದದ್ದು ಗಾರೆ ಕೆಲಸದ ಮುನಿಶಾಮಮ್ಮ.

"ಹೆಲ್ಮೆಟ್ ಗೇಟಿನ ಹತ್ರಾನೇ ಬಿಟ್ಟು ಒಳಗೆ ಮಲಗಿದ್ದೆ ತಲ್ಲೀ... ಸಾರು ಬಂದು ಎಬ್ಬಿಸಿ, ಅವ್ರದನ್ನೇ ನನ್ ತಲೆಗಿಟ್ರು. ಹಿಂದೇನೇ ಬರ್ತವ್ರೆ ಅಂದ್ಕೊಂಡೆ..."

ಭೂಮಿ ನಡುಗಿತು. ಮೂಲೆ ಕಂಬ ನೆಲದೊಳಕ್ಕೆ ಇಳಿದುಹೋಯಿತು. ಚಾವಣಿ ಅದರ ಮೇಲೆ ಕುಸಿಯಿತು. ಧೂಳಿನಲ್ಲಿ ಆಕಾಶವೇ ಕಾಣಲಿಲ್ಲ.

"ಅಂಬರೀಶ್!"

ಅವನನ್ನು ತೋರಿಸುವ ಚುಕ್ಕೆ ಈಗ ಮುನಿಶಾಮಮ್ಮನ ತಲೆ ಮೇಲಿತ್ತು. ಯಾಮಿನಿ ಟ್ಯಾಬ್ ಎಸೆದು ಕಲ್ಲುಗಳ ನಡುವೆ ನುಗ್ಗಿದಳು. ಅಂಗೈ ತರಚಿ ರಕ್ತ ಬಂತು. ಹಿಂಬದಿಯ ಗೋಡೆಯಾಚೆ ಯಾರೋ ಕೆಮ್ಮಿದರು.

ಮರಳಿನ ರಾಶಿಯ ಮೇಲೆ ಬಿದ್ದಿದ್ದ. ಬಾಗಿಲಿಗೆ ಹೋಗಲು ಹೊತ್ತು ಸಾಲದೆ ಹಿಂದಿನ ಕಿಟಕಿಯಿಂದ ಹಾರಿದ್ದ. ಎಡಗೈ ಸೊಟ್ಟಗೆ ತಿರುಗಿತ್ತು. ಕಣ್ಣುಗಳು ತೆರೆದಿದ್ದವು.

ಅವಳು ಅವನ ಪಕ್ಕ ಕುಸಿದು ಕೂತು ಬಿಕ್ಕಿದಳು. "ನನ್ನ ಯಾಕೆ ಗೇಟಲ್ಲಿ ನಿಲ್ಸಿದ್ರಿ?"

"ಕಂಬದ ಕೆಳಗೆ ಹಳೇ ಬಾವಿ ಇತ್ತಂತೆ, ಮಣ್ಣು ತುಂಬಿದ್ರಂತೆ. ಇವತ್ತು ಬೆಳಗ್ಗೆ ರಮೇಶ್‌ಬಾಬು ಬಾಯಿಂದ ಬಂತು. ಕಾರಣ ಹೇಳಿದ್ರೆ ನೀವು ಒಳಗೆ ಬಂದೇ ಬರ್ತಿದ್ರಿ..."

"ಅವತ್ತು ಯಾಕೆ ಸುಮ್ನಿದ್ರಿ?"

"ಕೆಲಸ ಹೋಗುತ್ತೆ ಅಂತ ಹೆದರ್ಕೊಂಡೆ." ಅವನ ಕಣ್ಣಂಚಿನಿಂದ ನೀರು ಇಳಿದು ಧೂಳಿನಲ್ಲಿ ಗೆರೆಯಾಯಿತು. "ನಿಮ್ ಮುಖ ನೋಡಿದ್ಮೇಲೆ ಗೊತ್ತಾಯ್ತು, ಕೆಲಸಕ್ಕಿಂತ ದೊಡ್ಡದೇನೋ ಕಳ್ಕೊಂಡೆ ಅಂತ. ನಂಗೆ ನೀವಂದ್ರೆ ಇಷ್ಟ ಯಾಮಿನಿ. ಮೊದಲ್ನೇ ದಿನದಿಂದ."

ಅವಳು ದುಪಟ್ಟಾದಿಂದ ಅವನ ಮುಖ ಒರೆಸಿದಳು.

"ಸಿಟ್ಟು ಹೋಗಿಲ್ಲ ನಂಗೆ."

"ಹೋಗೋವರ್ಗೂ ಕಾಯ್ತೀನಿ."

"ಕಾಯೋದೇನೂ ಬೇಡ..." ಅವನ ಬಲಗೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. "ಸಿಟ್ಟಲ್ಲೇ ಜೊತೇಲಿರ್ತೀನಿ."