ಮೊಲದ ಮೋರೆಯ ಹೆಂಗಸು

ಮೇ ತಿಂಗಳ ಮೊದಲ ದಿನ ಬೆಳಗ್ಗೆ ರೋಷೀನ್ ಮಲ್ವಿ ಬಂದು ಬಾಗಿಲು ಬಡಿದಾಗ ಅಟ್ರಾಕ್ಟಾ ಡರ್ಕನ್ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಳಿಬಿಟ್ಟು ಕೂತಿದ್ದಳು. ಡ್ರಮ್‌ಬಾನ್ ಎಂಬ ಹಳ್ಳಿಯ ಮನೆಮನೆಗೂ ಸೈಕಲ್ ತುಳಿದು, ಹೆರಿಗೆ ಮಾಡಿಸಿ, ಹೆಣಗಳ ಕಣ್ಣು ಮುಚ್ಚಿ ದಣಿದ ನರ್ಸಮ್ಮ ಅವಳು. ಅವಳ ಮಂಡಿಗಳು ಅವಳಿಗಿಂತ ಮೊದಲೇ ನಿವೃತ್ತಿ ತೆಗೆದುಕೊಂಡಿದ್ದವು. ಆದರೆ ಊರು ಅವಳನ್ನು ಬಿಟ್ಟಿರಲಿಲ್ಲ. ಕೋಳಿ ಕಳುವಾದರೂ, ಉಯಿಲು ಕಾಣೆಯಾದರೂ ಜನ ಪೊಲೀಸರ ಬಳಿ ಹೋಗುವ ಮೊದಲು ಈ ಅಡುಗೆಮನೆಗೆ ಬರುತ್ತಿದ್ದರು.

ಬಾಗಿಲು ತೆಗೆದವನು ಕೋಲ್ಮನ್. ಹಿಂದೆ ಊರಿಗೆ ಅಂಚೆ ಹಂಚುತ್ತಿದ್ದವನು, ಈಗ ನರ್ಸಮ್ಮನ ಕಾರು ಓಡಿಸುತ್ತ, ಅವಳ ಬೈಗುಳ ತಿನ್ನುತ್ತ ಕಾಲ ಕಳೆಯುತ್ತಿದ್ದ. ರೋಷೀನಳ ಮುಖ ನೋಡಿದ ಕೂಡಲೇ ಅವನು ಕುರ್ಚಿ ಎಳೆದುಕೊಟ್ಟ.

"ರಾತ್ರಿ ನನ್ನ ಮೊಲದ ತಲೆ ಕಿತ್ಕೊಂಡು ಹೋಗಿದಾರೆ ನರ್ಸಮ್ಮ," ಎಂದಳು ರೋಷೀನ್. "ಮಾಡಿದೋನು ಮ್ಯಾಲಕಿ. ನಮ್ಮಣ್ಣನೇ."

ರೋಷೀನ್ ಹೆಸರುವಾಸಿ ಕಲಾವಿದೆ. ಡಬ್ಲಿನ್ನಿನಲ್ಲಿದ್ದರೂ ಅವಳು ಮಾಡುವುದೆಲ್ಲ ಹುಟ್ಟಿ ಬೆಳೆದ ಹೊಲಮನೆಯ ಸಾಮಾನಿನಿಂದಲೇ: ಒಣಹುಲ್ಲು, ಜೊಂಡು, ತುಕ್ಕು ಹಿಡಿದ ಹಾಲಿನ ಕ್ಯಾನು, ಹಸುವಿನ ಸರಪಳಿ. ಮುಚ್ಚಿಹೋಗಿದ್ದ ಊರಿನ ಹಾಲಿನ ಡೇರಿಯಲ್ಲಿ ಅಂದು ಸಂಜೆ ಅವಳ ಪ್ರದರ್ಶನ ಶುರುವಾಗಬೇಕಿತ್ತು. ಅದರ ನಟ್ಟನಡುವೆ ಜೊಂಡಿನಲ್ಲಿ ನೇಯ್ದ ಒಬ್ಬ ಹೆಂಗಸು ಹಾಲು ಕರೆಯುವ ಮಣೆಯ ಮೇಲೆ ಎಡಗಾಲು ಮುಂದಕ್ಕೆ ಚಾಚಿ ಕೂತಿದ್ದಳು. ಮೈ ಹೆಂಗಸಿನದು, ತಲೆ ಮೊಲದ್ದು.

ಡ್ರಮ್‌ಬಾನಿನವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೇ ಮೊದಲ ದಿನ ಮಾಟಗಾತಿ ಮೊಲವಾಗಿ ಬಂದು ಪರರ ಹಸುವಿನ ಕೆಚ್ಚಲಿಗೆ ಬಾಯಿ ಹಾಕುತ್ತಾಳೆ, ಆಮೇಲೆ ವರ್ಷವಿಡೀ ಕಡೆದರೂ ಆ ಮನೆಯಲ್ಲಿ ಬೆಣ್ಣೆ ಬರುವುದಿಲ್ಲ. ಮೊಲಕ್ಕೆ ಯಾರಾದರೂ ಗುಂಡು ಹೊಡೆದರೆ, ಮರುದಿನ ಯಾವ ಹೆಂಗಸು ಕುಂಟುತ್ತಾಳೋ ಅವಳೇ ಬೆಣ್ಣೆಗಳ್ಳಿ. ಹಿಂದೆ ಡೇರಿ ರಸ್ತೆಯ ಯಾವುದೋ ಮನೆಯೊಡತಿಗೆ ಈ ಹೆಸರು ಅಂಟಿತ್ತು. ಯಾರಿಗೆ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಕಣ್ಣಲ್ಲೇ ಹೇಳುತ್ತಿದ್ದರು.

"ಮ್ಯಾಲಕಿನೇ ಅಂತ ಹೆಂಗೆ ಹೇಳ್ತೀಯ?" ನರ್ಸಮ್ಮ ಕೇಳಿದಳು.

"ಪೇಪರಲ್ಲಿ ಅದರ ಫೋಟೋ ನೋಡಿ, ಸುಟ್ಟು ಹಾಕ್ತೀನಿ ಅಂತ ಹೆಂಡದಂಗಡೀಲಿ ಕೂಗಾಡಿದ್ದಾನೆ. ಅಮ್ಮ ಸತ್ತಾಗಿಂದ ನನ್ ಜತೆ ಮಾತಿಲ್ಲ. ಬೆಳಗ್ಗೆ ಸಿಟ್ಟಲ್ಲಿ ಸಾರ್ಜೆಂಟಿಗೆ ಅವನ ಹೆಸರು ಹೇಳಿಬಿಟ್ಟೆ." ಅವಳು ಕುರ್ಚಿಯ ಅಂಚಿಗೆ ಜರುಗಿದಳು. "ಸಂಜೆ ಹಿಡ್ಕೊಂಡು ಹೋಗ್ತಾರಂತೆ. ನನಗೆ ಅಂತ ಇರೋನು ಅವನೊಬ್ಬನೇ ನರ್ಸಮ್ಮ. ಪೊಲೀಸ್ ಜೀಪು ಹತ್ತಿದ್ರೆ ಸಾಯೋವರೆಗೂ ನನಗೆ ಬಾಗಿಲು ತೆಗೆಯಲ್ಲ. ಅದಕ್ಕೆ ಮುಂಚೆ ಅವನ ಬಾಯಿಂದ ಒಪ್ಪಿಸಿ."

ನರ್ಸಮ್ಮ ನಿಟ್ಟುಸಿರು ಬಿಟ್ಟು ಬಕೆಟ್ಟಿನಿಂದ ಕಾಲು ತೆಗೆದಳು. "ಟವಲ್ ಕೊಡು ಕೋಲ್ಮನ್. ಈ ಊರು ನನ್ನನ್ನ ಮಣ್ಣು ಮಾಡಿದ ಮೇಲೂ ಎಬ್ಬಿಸುತ್ತೆ."

ಡೇರಿಯ ಮುಂಬಾಗಿಲ ಬೀಗ ಮುರಿದಿರಲಿಲ್ಲ. ಹಿಂದಿನ ಕಿಟಕಿ ಮಾತ್ರ ಹಾರುಹೊಡೆದಿತ್ತು, ಕಳ್ಳ ಅಲ್ಲಿಂದಲೇ ನುಗ್ಗಿದ್ದಾನೆ ಎಂದು ಸಾರ್ಜೆಂಟ್ ಪಟ್ಟು ಹಿಡಿದಿದ್ದ. ಕೋಲ್ಮನ್ ಹೊರಗಿನಿಂದ ಸುತ್ತಿ ಬಂದು ನೋಡಿದ. ಕಿಟಕಿಯ ಕೆಳಗೆ ಮಂಡಿಯೆತ್ತರ ತುರಿಕೆ ಗಿಡ ಬೆಳೆದಿತ್ತು, ಒಂದು ಎಲೆಯೂ ಬಾಗಿರಲಿಲ್ಲ. ಒಳಗೆ ನೆಲದ ಮೇಲೆ ಉದುರಿದ್ದ ಜೊಂಡಿನ ಚೂರುಗಳು ಕಿಟಕಿಯ ಕಡೆ ಹೋಗದೆ ಮುಂಬಾಗಿಲ ಕಡೆಗೇ ಹೋಗಿದ್ದವು.

"ಕೀಲಿ ಯಾರ್ಯಾರ ಹತ್ರ ಇದೆ?" ನರ್ಸಮ್ಮ ಕೇಳಿದಳು.

ಮೂರು ಕೀಲಿ. ಒಂದು ರೋಷೀನಳದು. ಒಂದು ಡೇರಿ ಗುಡಿಸುವ, ಪಕ್ಕದ ಮನೆಯ ಡಿಂಪ್ನಾ ಕೀವ್ನಿಯದು. ಮೂರನೆಯದು ಪ್ರದರ್ಶನ ಏರ್ಪಡಿಸಲು ಡಬ್ಲಿನ್ನಿನಿಂದ ಬಂದಿದ್ದ ಪ್ರೆಂಡರ್‌ಗಾಸ್ಟ್‌ನದು. ಆತ ಕಿವಿಗೆ ಫೋನು ಒತ್ತಿಕೊಂಡು, ದುಃಖದ ಮುಖ ಮಾಡಿಕೊಂಡು, ಪೇಪರಿನವರಿಗೆ ಖುಷಿಯಿಂದ ಸುದ್ದಿ ಕೊಡುತ್ತಿದ್ದ.

"ನಿಮಗೆ ಒಳ್ಳೇ ಪ್ರಚಾರ ಆಯ್ತಲ್ಲ," ಎಂದಳು ನರ್ಸಮ್ಮ. "ನೀವೇ ಕದ್ದಿದ್ರೆ ಎಲ್ಲಿ ಬಚ್ಚಿಡ್ತಿದ್ರಿ?"

ಅವನು ನಕ್ಕ. "ಬಚ್ಚಿಡೋದ್ಯಾಕೆ ಮೇಡಂ? ಹೋಟೆಲಿಗೆ ಹೋಗೋ ದಾರೀಲೇ ಹೊಳೆ ಇದೆ. ಸೇತುವೆ ಮೇಲಿಂದ ಎಸೆದು ಹೋಗ್ತಿದ್ದೆ."

ಅದೇ ಡೇರಿ ರಸ್ತೆಯ ತುದಿಯಲ್ಲಿದ್ದ ಮ್ಯಾಲಕಿಯ ಮನೆ ತಲುಪಿದಾಗ ಅವನು ಒಲೆಯ ಬೂದಿಯ ತಟ್ಟೆ ಹಿಡಿದುಕೊಂಡು ಹೊರಬಂದು, ಆಲೂಗಡ್ಡೆ ಸಾಲಿನ ಮೇಲೆ ಸುರಿಯುತ್ತಿದ್ದ. ಮೇ ಮೊದಲ ದಿನ ಆ ಊರಿನಲ್ಲಿ ಯಾರೂ ಮನೆಯಿಂದ ಬೂದಿ ಹೊರಗೆ ಹಾಕುವುದಿಲ್ಲ. ಹಾಲಾಗಲಿ, ಕೆಂಡವಾಗಲಿ, ಚಿಟಿಕೆ ಉಪ್ಪಾಗಲಿ ಹೊಸ್ತಿಲು ದಾಟಿಸುವುದಿಲ್ಲ. ದಾಟಿಸಿದರೆ ಮನೆಯ ಭಾಗ್ಯ ಅದರ ಹಿಂದೆಯೇ ಹೋಗುತ್ತದೆ.

"ಇವತ್ತು ಬೂದಿ ಚೆಲ್ತಿದೀಯಲ್ಲೋ!" ಎಂದ ಕೋಲ್ಮನ್.

"ಪ್ರತಿ ವರ್ಷ ಇವತ್ತೇ ಚೆಲ್ಲೋದು. ರಸ್ತೇಲಿ ಹೋಗೋರು ನೋಡ್ಲಿ ಅಂತ," ಎಂದ ಮ್ಯಾಲಕಿ. "ಇಂಥಾ ಕತೆ ಕಟ್ಟಿಯೇ ತಾನೆ ನಮ್ಮಮ್ಮನ ಬಾಳು ಹಾಳು ಮಾಡಿದ್ದು? ಈಗ ಮಗಳು ಅದನ್ನೇ ಬೊಂಬೆ ಮಾಡಿ ಕೂರಿಸಿದ್ದಾಳೆ. ಸುಡ್ತೀನಿ ಅಂದೆ, ಹೌದು. ಸುಡಲಿಲ್ಲ."

ನರ್ಸಮ್ಮ ಕೋಲಿನಿಂದ ಬೂದಿ ಕೆದಕಿದಳು. ಬೂದಿ ಬಿಟ್ಟು ಏನೂ ಇರಲಿಲ್ಲ.

"ಸಾರ್ಜೆಂಟಿಗೆ ನನ್ನ ಹೆಸರು ಯಾರು ಕೊಟ್ಟಿದ್ದು ನರ್ಸಮ್ಮ?" ಅವನು ಕೇಳಿದ. ನರ್ಸಮ್ಮ ಕಾರಿನ ಕಡೆ ತಿರುಗಿದಳು.

ಡಿಂಪ್ನಾ ಕೀವ್ನಿಯ ಹೊಸ್ತಿಲ ಮೇಲೆ, ಮಾಟ ಒಳಗೆ ಬರದಿರಲೆಂದು ಆ ದಿನ ಹಾಕುವ ಹಳದಿ ಹೂವು ಚೆಲ್ಲಿತ್ತು. ಒಳಗೆ ಕಾಲಿಟ್ಟರೆ ಕಣ್ಣು ಬಿಡಲಾಗದಷ್ಟು ಹೊಗೆ. ಅಡುಗೆಮನೆಯ ಕಬ್ಬಿಣದ ಒಲೆ ಉರಿಯಲೂ ಒಲ್ಲದೆ, ಆರಲೂ ಒಲ್ಲದೆ ಕಮರುತ್ತಿತ್ತು. ಡಿಂಪ್ನಾ ತಣ್ಣನೆಯ ಬ್ರೆಡ್ಡು, ಮಾಂಸದ ಹೋಳು ಮುಂದಿಟ್ಟಳು.

"ಟೀ ಆಗಲ್ಲ ನರ್ಸಮ್ಮ, ಕ್ಷಮಿಸಿ. ಹೊಗೆಗೂಡಲ್ಲಿ ಕಾಗೆ ಗೂಡು ಕಟ್ಟಿದೆ."

"ಅಯ್ಯೋ, ಇರಲಿ ಬಿಡು. ಹೂವು ಚೆನ್ನಾಗಿ ಹಾಕಿದೀಯ."

"ನಮ್ಮಮ್ಮ ಕಲಿಸಿದ್ದು ಬಿಡೋಕಾಗುತ್ತಾ? ನಿನ್ನೆ ಹೊತ್ತು ಮುಳುಗೋಕೆ ಮುಂಚೆನೇ ಒಲೆ ಬಳಿದು, ಬೂದಿಯೆಲ್ಲ ಚೆಲ್ಲಿ ಬಂದು, ಹೂವು ಹಾಕಿದೆ."

"ಬೆಕ್ಕಿಗೆ ಒಂಚೂರು ಹಾಲು ಕೊಡ್ತೀಯಾ? ಮನೇಲಿ ಮುಗಿದಿದೆ."

ಡಿಂಪ್ನಾಳ ಮುಖ ಬಿಳಚಿಕೊಂಡಿತು. "ಇವತ್ತೊಂದು ದಿನ ಕೇಳಬೇಡಿ. ನಿಮಗೇ ಗೊತ್ತಲ್ಲ."

ಹೊರಗೆ ಬಂದ ನರ್ಸಮ್ಮ ತಲೆಯೆತ್ತಿ ಹೊಗೆಗೂಡನ್ನು ನೋಡಿದಳು. ಕೋಲ್ಮನ್ ಕೂಡ ನೋಡಿದ. ಅದರ ಬಾಯಿಗೆ ತಂತಿಬಲೆ ಬಿಗಿದಿತ್ತು, ಗುಬ್ಬಿಯೂ ತೂರುವಂತಿರಲಿಲ್ಲ. ಕಾರಿನಲ್ಲಿ ಕೂತು ಅವಳು ಮಂಡಿ ನೀವಿಕೊಂಡಳು.

"ನಾಲ್ಕು ಗಂಟೆಗೆ ಎಲ್ಲರನ್ನೂ ಡಿಂಪ್ನಾ ಮನೆಗೇ ಕರ್ಕೊಂಡು ಬಾ," ಎಂದಳು. "ಮ್ಯಾಲಕಿ ಬರಲ್ಲ ಅಂದ್ರೆ, ನಿಮ್ಮಮ್ಮನ ವಿಷಯ ಅಂತ ಹೇಳು. ನನಗೆ ಸಾಕಾಗಿದೆ ಕೋಲ್ಮನ್. ಈ ಸಲ ಗೊತ್ತಾಗದೆ ಇದ್ದಿದ್ರೆ ಚೆನ್ನಾಗಿತ್ತು."

ನಾಲ್ಕಕ್ಕೆ ಆ ಹೊಗೆ ತುಂಬಿದ ಅಡುಗೆಮನೆಯಲ್ಲಿ ಎಲ್ಲರೂ ಕೆಮ್ಮುತ್ತ ಕೂತರು. ಸಾರ್ಜೆಂಟ್ ಬಾಗಿಲಿಗೆ ಒರಗಿ ನಿಂತ. ಅಣ್ಣ ತಂಗಿ ಮೇಜಿನ ಎರಡು ತುದಿಯಲ್ಲಿ ಕೂತು, ಒಬ್ಬರನ್ನೊಬ್ಬರು ನೋಡದಿರಲು ಗೋಡೆಗಳನ್ನು ನೋಡಿದರು.

"ಮೊದಲು ಕಿಟಕಿ," ಎಂದಳು ನರ್ಸಮ್ಮ, ಕೂತಲ್ಲಿಂದಲೇ. "ಅದರ ಕೆಳಗಿನ ತುರಿಕೆ ಗಿಡ ತುಳಿಯದೆ ಯಾರೂ ಹತ್ತೋಕಾಗಲ್ಲ. ಗಿಡ ನೆಟ್ಟಗಿದೆ. ಜೊಂಡಿನ ಚೂರು ಮುಂಬಾಗಿಲ ಕಡೆ ಹೋಗಿವೆ. ಅಂದ್ರೆ ಕಳ್ಳರು ಕೀಲಿಯಿಂದ ಬೀಗ ತೆಗೆದು ಬಂದ್ರು, ಬಾಗಿಲಿಂದ್ಲೇ ಹೋದ್ರು. ಕಿಟಕಿ ತೆಗೆದಿಟ್ಟಿದ್ದು ನಮ್ಮ ಕಣ್ಣಿಗೆ ಮಣ್ಣೆರಚೋಕೆ. ಮ್ಯಾಲಕಿ ಹತ್ರ ಕೀಲಿ ಇಲ್ಲ."

"ನನ್ನ ಹತ್ರ ಇದೆ, ಆದ್ರೆ ನಾನು..." ಎಂದು ಪ್ರೆಂಡರ್‌ಗಾಸ್ಟ್ ಎದ್ದ.

"ಕೂತ್ಕೊಳ್ಳಿ ಸ್ವಾಮಿ. ನೀವಾಗಿದ್ರೆ ಅದು ಇಷ್ಟೊತ್ತಿಗೆ ಹೊಳೇಲಿ ತೇಲಿ ಹೋಗಿರ್ತಿತ್ತು, ನಮಗೆ ಸಿಕ್ತಾನೂ ಇರಲಿಲ್ಲ. ಯಾರು ತಗೊಂಡು ಹೋದ್ರೋ ಅವರಿಗೆ ಅದು ಕಾಣೆಯಾದ್ರೆ ಸಾಲದು, ಇಲ್ಲದಂಗೇ ಆಗ್ಬೇಕಿತ್ತು. ಅದಕ್ಕೇ ಸುಟ್ರು." ಅವಳು ಕಣ್ಣೊರೆಸಿಕೊಂಡಳು. ಹೊಗೆಗೋ ಬೇರೆಯದಕ್ಕೋ ಕೋಲ್ಮನ್‌ಗೆ ತಿಳಿಯಲಿಲ್ಲ. "ಬೆಂಕಿಯಿಲ್ಲದೆ ಹೊಗೆಯಾಡಲ್ಲ ಅಂತಾರೆ. ಈ ಹೊಗೆಗೆ ಡಿಂಪ್ನಾ ಕಾಗೆ ಮೇಲೆ ತಪ್ಪು ಹಾಕಿದ್ಲು. ಹೊಗೆಗೂಡಿಗೆ ತಂತಿಬಲೆ ಇದೆ, ಕಾಗೆ ಎಲ್ಲಿಂದ ಬರುತ್ತೆ? ಕೆಳಗಿನ ತಟ್ಟೇಲಿ ಬೂದಿ ಗಂಟಲವರೆಗೂ ತುಂಬಿದ್ರೆ ಒಲೆ ಹಿಂಗೆ ಕಟ್ಕೊಳ್ಳೋದು. ಆದ್ರೆ ನಿನ್ನೆ ಸಂಜೆ ಹೊತ್ತು ಮುಳುಗೋಕೆ ಮುಂಚೆ ಬೂದಿ ಚೆಲ್ಲಿದ್ದೆ ಅಂತ ಅವಳೇ ಹೇಳಿದ್ಲು. ಹಾಗಾದ್ರೆ ಈ ಬೂದಿ ಯಾವುದು?"

ಎಲ್ಲರೂ ಒಲೆಯ ಕಡೆ ತಿರುಗಿದಾಗ ನರ್ಸಮ್ಮ ಮುಂದುವರಿಸಿದಳು.

"ಹೊತ್ತು ಮುಳುಗಿದ ಮೇಲೆ ಏನೋ ದೊಡ್ಡದನ್ನ ಸುಟ್ಟಿದಾಳೆ. ಬೇರೆ ಊರಿನೋರಾಗಿದ್ರೆ ಬೆಳಕು ಹರಿಯೋಕೆ ಮುಂಚೆ ಬೂದಿ ಎತ್ತಿ ಹಳ್ಳಕ್ಕೆ ಹಾಕ್ತಿದ್ರು, ಗುರುತೇ ಇರ್ತಿರಲಿಲ್ಲ. ಇವಳ ಕೈಲಿ ಆಗಲಿಲ್ಲ. ನಿನ್ನೆ ಹೊತ್ತು ಮುಳುಗಿದಾಗ್ಲೇ ಮೇ ಮೊದಲ ದಿನದ ಕಟ್ಟು ಶುರು. ಸಿಕ್ಕಿಹಾಕ್ಕೊಂಡ್ರೂ ಸರಿ, ಬೂದಿ ಹೊಸ್ತಿಲು ದಾಟಬಾರದು. ಮ್ಯಾಲಕಿ, ಆ ತಟ್ಟೆ ಎಳಿಯಪ್ಪಾ. ಈ ಊರಲ್ಲಿ ಇವತ್ತು ಆ ಕೆಲಸ ಮಾಡೋನು ನೀನೊಬ್ಬನೇ."

ಡಿಂಪ್ನಾ ತಡೆಯಲಿಲ್ಲ. ಮ್ಯಾಲಕಿ ತಟ್ಟೆ ಎಳೆದು ಇಕ್ಕಳದಿಂದ ಕೆದಕಿದ. ಸುಟ್ಟ ತಂತಿ ಬಂತು. ಆಮೇಲೆ ಕಪ್ಪಾದ ಎರಡು ಹಿತ್ತಾಳೆ ಗುಂಡಿಗಳು ಬಂದವು.

"ಮೊಲದ ಕಣ್ಣು," ಎಂದಳು ರೋಷೀನ್ ಪಿಸುದನಿಯಲ್ಲಿ.

ಮ್ಯಾಲಕಿ ಒಂದು ಗುಂಡಿಯನ್ನು ತೋಳಿಗೆ ಉಜ್ಜಿ ನೋಡಿದ. "ಅಮ್ಮನ ಕೋಟಿನ ಗುಂಡಿ ಇದು. ಆ ಕೋಟು ನಿನ್ನ ಹತ್ರ ಇತ್ತಾ? ನಾನು ಅದಕ್ಕೆ ಹುಡುಕದೆ ಇರೋ ಜಾಗ ಇಲ್ಲ!"

"ನಿಮ್ಮಮ್ಮನ ಕೋಟು?" ಡಿಂಪ್ನಾ ತಲೆಯೆತ್ತಿದಳು. "ನಮ್ಮಮ್ಮನ ಬೊಂಬೆಗೆ ನಿಮ್ಮಮ್ಮನ ಗುಂಡಿ ಯಾಕೆ ಹಾಕಿದೆ?"

"ಅದು ನಮ್ಮಮ್ಮ," ಎಂದಳು ರೋಷೀನ್.

"ಸುಳ್ಳು! ಎಡಗಾಲು ಚಾಚಿ ಕೂತಿರೋದು ಯಾರು? ನಮ್ಮಮ್ಮ ಹುಟ್ಟಿದಾಗಿಂದ ಆ ಕಾಲು ಎಳೀತಿದ್ಲು. ಹಾದಿಹೋಕರೆಲ್ಲ ನೋಡಿ ನೋಡಿ ಮೊಲ ಅಂತಿದ್ರು. ಚರ್ಚಲ್ಲಿ ಪಕ್ಕಕ್ಕೆ ಯಾರೂ ಕೂರ್ತಿರಲಿಲ್ಲ. ಈಗ ಊರೂರಿಂದ ಜನ ಬಂದು ನೋಡ್ಲಿ ಅಂತ ಕೂರಿಸಿದ್ರೆ ನಾನು ಸುಮ್ನಿರ್ಬೇಕಾ?" ಅವಳು ಏಪ್ರನ್ನಿನ ತುದಿಯನ್ನು ಬಾಯಿಗೊತ್ತಿ ಅತ್ತಳು.

ಮ್ಯಾಲಕಿ ನಿಧಾನವಾಗಿ ಕೂತ. "ಆ ಕಾಲು ನಮ್ಮಮ್ಮಂದು ಡಿಂಪ್ನಾ. ಹಸು ಒದ್ದು ಮುರೀತು. ಡಾಕ್ಟರ ಹತ್ರ ಹೋಗಲಿಲ್ಲ. ಕುಂಟೋದು ಕಂಡ್ರೆ ಬೆಣ್ಣೆಗಳ್ಳಿ ಅಂತಾರೆ ಅಂತ ಆ ಬೇಸಿಗೆ ಪೂರ್ತಿ ಕದ ಹಾಕ್ಕೊಂಡು ಒಳಗೇ ಕೂತಿದ್ಲು. ಕೊಟ್ಟಿಗೇಲಿ ಹಾಲು ಕರೆಯೋವಾಗ್ಲೂ ಹಿಂಗೇ ಕಾಲು ಚಾಚ್ಕೊಂಡು ಕೂರ್ತಿದ್ಲು."

"ತಿಂಗಳಿಗೊಂದ್ಸಲ ನಿಮ್ಮನೆಗೆ ಬರ್ತಿದ್ದೆ," ಎಂದಳು ನರ್ಸಮ್ಮ. "ಕಂಬಳಿ ಹೊದ್ಕೊಂಡು ಕೂತಿರ್ತಿದ್ಲು. ಚಳಿ ಅಂತಿದ್ಲು. ಬೇಸಿಗೇಲಿ ಏನು ಚಳಿ ಅಂತ ನಾನು ಕೇಳಲೇ ಇಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇಲ್ಲಿ ಕಾಯಿಯೂ ಇರಲಿಲ್ಲ, ಕಳ್ಳರೂ ಇರಲಿಲ್ಲ, ಎರಡು ಮನೆಯವರೂ ಇಷ್ಟು ವರ್ಷ ಹೆಗಲು ಮುಟ್ಟಿಕೊಂಡೇ ಬದುಕಿದ್ದರು. ಕೋಲ್ಮನ್‌ಗೆ ಊರಿನ ಮೇಲೇ ಅಸಹ್ಯ ಬಂತು. ಆ ಊರಿನಲ್ಲಿ ತಾನೂ ಒಬ್ಬ ಎನ್ನುವುದೂ ನೆನಪಾಯಿತು.

"ದೂರು ಇಲ್ಲ," ಎಂದಳು ರೋಷೀನ್ ಸಾರ್ಜೆಂಟಿಗೆ. "ತಲೆ ಇಲ್ಲದೇನೇ ತೋರಿಸ್ತೀನಿ. ಡಿಂಪ್ನಾ, ನಿಮಗೆ ಇಷ್ಟ ಇದ್ರೆ ಬಂದು ನನ್ನ ಪಕ್ಕ ನಿಂತ್ಕೊಳ್ಳಿ. ಇಲ್ಲದಿದ್ರೆ ಬೇಡ." ಆಮೇಲೆ ಅಣ್ಣನ ಕಡೆ ತಿರುಗಿದಳು. "ಸಾರ್ಜೆಂಟಿಗೆ ನಿನ್ನ ಹೆಸರು ಹೇಳಿದ್ದು ನಾನು. ತಪ್ಪಾಯ್ತು ಮ್ಯಾಲಕಿ. ಕ್ಷಮಿಸು."

"ನೀನೇ ಅಂತ ಗೊತ್ತಿತ್ತು," ಎಂದ ಅವನು. ಗುಂಡಿಯನ್ನು ಜೇಬಿಗಿಳಿಸಿ ಟೋಪಿ ಎತ್ತಿಕೊಂಡ. "ಇವತ್ತು ಮನೆಯಿಂದ ಏನೂ ಕೊಡಬಾರದಂತಲ್ಲ. ನಾಳೆ ಬಾ, ನೋಡೋಣ." ಅವನು ನಗಲಿಲ್ಲ. ಹಸು ಕರೆಯುವ ಹೊತ್ತಾಗಿತ್ತು, ಹೊರಟುಹೋದ.

ಮರುದಿನ ಬೆಳಗ್ಗೆ ನರ್ಸಮ್ಮ ಮತ್ತೆ ಬಕೆಟ್ಟಿಗೆ ಕಾಲಿಳಿಸಿ, ಕೋಲ್ಮನ್‌ನನ್ನು ಅಟ್ಟಿದಳು. "ಹೋಗಿ ನೋಡ್ಕೊಂಡು ಬಾರಯ್ಯ. ಬಾಗಿಲು ತೆಗೆದನಾ ಇಲ್ವಾ ಅಂತ ತಿಳೀದೆ ನನಗೆ ತಿಂಡಿ ಇಳಿಯಲ್ಲ."

ಕೋಲ್ಮನ್ ಹೋದಷ್ಟೇ ಬೇಗ ಹಿಂತಿರುಗಿದ.

"ತೆಗೆದಿದ್ದಾನೆ. ಕೋಟಿನ ವಿಷಯಕ್ಕೆ ಇಬ್ಬರೂ ಹಾರಾಡ್ತಿದಾರೆ. ಅವನ ಕೂಗು ರಸ್ತೆವರೆಗೂ ಕೇಳುತ್ತೆ, ಅವಳದು ಇನ್ನೂ ಜೋರು."

"ಎಷ್ಟು ವರ್ಷ ಆಗಿತ್ತು," ಎಂದು ನರ್ಸಮ್ಮ ಕುರ್ಚಿಗೊರಗಿ ಕಣ್ಣು ಮುಚ್ಚಿದಳು. "ಜಗಳ ಆಡ್ಲಿ ಬಿಡು."