ಮಾತ್ರೆ ಪೆಟ್ಟಿಗೆಯ ಸೊಟ್ಟ ಕಚ್ಚು

"ಅಜ್ಜಿ, ನನ್ನನ್ನ ಕಳ್ಳಿ ಅಂದ್ರು."

ನನ್ನ ತಂಗಿಯ ಮೊಮ್ಮಗಳು ಬಾಗಿಲಲ್ಲೇ ನಿಂತು ಇಷ್ಟು ಹೇಳಿ, ಚೀಲದಿಂದ ಅಂಗೈಯಗಲದ ರಟ್ಟಿನ ಪೆಟ್ಟಿಗೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ವಾರದ ಏಳು ದಿನಕ್ಕೆ ಏಳು ಖಾನೆ. ವಯಸ್ಸಾದವರು ಮಾತ್ರೆ ನುಂಗಲು ಮರೆಯದಿರಲಿ ಎಂದು ಮಾಡಿದ್ದು. ನೋಡಿದ ಕೂಡಲೇ ಗುರುತು ಹಿಡಿದೆ. ಎರಡು ತಿಂಗಳ ಹಿಂದೆ ಇವಳು ಇದೇ ಮೇಜಿನ ಮೇಲೆ ಕಾಗದ ಕತ್ತರಿಸಿ, ಮಡಚಿ, "ತೆಗಿ ಅಜ್ಜಿ, ಮುಚ್ಚು ಅಜ್ಜಿ" ಎಂದು ಎರಡು ಸಂಜೆ ನನ್ನ ಪ್ರಾಣ ತಿಂದು ಮಾಡಿದ ಪೆಟ್ಟಿಗೆ ಅದು. ನನ್ನ ಸೊಟ್ಟ ಹೆಬ್ಬೆರಳಿಗೆ ಮುಚ್ಚಳ ಸಿಗದೆ ನಾನು ಬೈದದ್ದೂ ಉಂಟು. ಈಗ ಅದು ಬಣ್ಣಬಣ್ಣವಾಗಿ ಅಚ್ಚಾಗಿತ್ತು.

"ಮೊದಲು ಕೂತ್ಕೋ," ಎಂದಳು ಅಕ್ಕ.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ಮುದ್ರಣಾಲಯದಲ್ಲಿ ಮೂವತ್ತೆಂಟು ವರ್ಷ ಕಾಗದ ಕತ್ತರಿಸುವ ಯಂತ್ರದ ಮುಂದೆ ನಿಂತವಳು; ಎಲ್ಲರಿಗೂ ಕತ್ತರಿ ಅಕ್ಕ. ನಾನು ಹೊಲಿಗೆ ಬಿಟ್ಟ ಮೇಲೆ ಇಬ್ಬರೂ ಎರಡು ಕೋಣೆಯ ಈ ಮನೆಯನ್ನು ಹಂಚಿಕೊಂಡಿದ್ದೆವು. ಕಟ್ಟಡದಲ್ಲಿ ಯಾರ ವಸ್ತು ಕಳೆದರೂ, ಯಾರ ಮೇಲೆ ಯಾರಿಗೆ ಅನುಮಾನ ಬಂದರೂ, ಮೊದಲು ತಟ್ಟುತ್ತಿದ್ದುದು ನಮ್ಮ ಬಾಗಿಲನ್ನೇ.

ಹುಡುಗಿ ಹೇಳಿದ ಕತೆ ಇಷ್ಟು. ಒಂದು ವಿನ್ಯಾಸದ ಆಫೀಸಿನವರು ಅವಳನ್ನು ಸಂದರ್ಶನಕ್ಕೆ ಕರೆದು, ಪರೀಕ್ಷೆ ಎಂದು ಹೇಳಿ ಈ ಪೆಟ್ಟಿಗೆಯನ್ನು ಪುಕ್ಕಟೆಯಾಗಿ ಮಾಡಿಸಿಕೊಂಡಿದ್ದರು. ಆಮೇಲೆ ಹೂಂ ಇಲ್ಲ, ಉಹೂಂ ಇಲ್ಲ. ಮೊನ್ನೆ ಇನ್ನೊಂದು ಆಫೀಸಿನಲ್ಲಿ ತನ್ನ ಕೆಲಸಗಳ ಜೊತೆ ಇದನ್ನೂ ತೋರಿಸಿದಳು. ಅಲ್ಲಿನ ಮ್ಯಾನೇಜರಮ್ಮ ತಮ್ಮ ಕೈಚೀಲದಿಂದ ಅಂಥದ್ದೇ ಅಚ್ಚಾದ ಪೆಟ್ಟಿಗೆ ತೆಗೆದು ಪಕ್ಕಕ್ಕಿಟ್ಟರು. ತಮ್ಮ ಅತ್ತೆಗೆಂದು ಅಂಗಡಿಯಲ್ಲಿ ಕೊಂಡದ್ದು; ಹುಡುಗಿ ಆಮೇಲೆ ಅದೇ ಅಂಗಡಿಯಿಂದ ತಂದದ್ದೇ ನಮ್ಮ ಮೇಜಿನ ಮೇಲಿದ್ದ ಪೆಟ್ಟಿಗೆ. ಮೊದಲ ಆಫೀಸಿಗೆ ಫೋನ್ ಮಾಡಿ ಕೇಳಿದರೆ, "ಅದು ನಮ್ಮ ಹಿರಿಯ ಕಲಾವಿದರು ಮಾಡಿದ್ದು" ಎಂದರಂತೆ.

"ಶುಕ್ರವಾರದೊಳಗೆ ಇದು ನನ್ನದೇ ಅಂತ ಅಲ್ಲಿಂದ ಬರೆಸ್ಕೊಂಡು ಬಾ ಅಂದಿದ್ದಾರೆ. ಇಲ್ದಿದ್ರೆ ಈ ಕೆಲಸಾನೂ ಹೋಯ್ತು, ಹೆಸರೂ ಹೋಯ್ತು. ಈ ಕಸುಬಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಹನ್ನೊಂದು ಆಫೀಸು ಅಜ್ಜಿ, ಹನ್ನೊಂದು ಪರೀಕ್ಷೆ. ಸಾಕಾಗಿದೆ ನಂಗೆ."

ಅಕ್ಕ ಪರೀಕ್ಷೆಯ ಪತ್ರ ಕೇಳಿ ತೆಗೆದುಕೊಂಡಳು. ಏಳನೇ ತಾರೀಖಿನದು. "ಅಂಚಿನ ಸುತ್ತ ಬಣ್ಣವನ್ನು ಮೂರು ಮಿಲಿಮೀಟರ್ ಹೆಚ್ಚು ಬಿಡಿ, ಮಡಿಕೆಯ ಗೆರೆಗಳನ್ನು ಬೇರೆ ಹಾಳೆಯಲ್ಲಿ ಕೊಡಿ" ಎಂದಿತ್ತು. ಆ ಸಾಲನ್ನು ಎರಡು ಸಲ ಓದಿದಳು. ಪೆಟ್ಟಿಗೆಯ ಒಳಮಡಿಕೆ ಬಿಡಿಸಿ, ಅಲ್ಲಿದ್ದ ಮುದ್ರಣಾಲಯದ ಪುಟ್ಟ ಗುರುತು ನೋಡಿ, ಚಪ್ಪಲಿ ಮೆಟ್ಟಿ ಅಲ್ಲಿಗೇ ಹೊರಟೇಬಿಟ್ಟಳು. ಎರಡು ಗಂಟೆ ಬಿಟ್ಟು ಬಂದವಳು ಹೇಳಿದ್ದು ಒಂದೇ ಮಾತು.

"ಯಂತ್ರಕ್ಕೆ ದಿನ ಗೊತ್ತುಮಾಡಿ ರಟ್ಟು ತರಿಸಿಟ್ಟದ್ದು ಐದನೇ ತಾರೀಖು ಕಣೇ."

"ಅಯ್ಯೋ, ಪರೀಕ್ಷೆಗಿಂತ ಮೊದಲೇ! ಹಾಗಾದ್ರೆ ಪೆಟ್ಟಿಗೆ ಅವರದ್ದೇ ಅಂತಾಗಲ್ವಾ?"

"ನಿನ್ನ ತಲೆ. ನಾಳೆ ನೀನೂ ಬಾ. ನಿನ್ನ ಕೈ ಬೇಕು."

ಆ ಆಫೀಸು ಮೂರನೇ ಮಹಡಿಯಲ್ಲಿತ್ತು. ಲಿಫ್ಟ್ ಕೆಟ್ಟಿತ್ತು. ಹತ್ತಿ ಮುಗಿಸುವಷ್ಟರಲ್ಲಿ ನನ್ನ ಮಂಡಿ ಎರಡೂ ನನ್ನವಲ್ಲ ಎನ್ನಿಸಿತು. ಬಾಗಿಲ ಗಾಜಿಗೆ ಅಂಟಿಸಿದ್ದ "ಕಲಾವಿದರು ಬೇಕಾಗಿದ್ದಾರೆ" ಎಂಬ ಹಾಳೆ ಬಿಸಿಲಿಗೆ ಬಿಳುಚಿತ್ತು. ಒಳಗೆ ಮೂರು ಮೇಜು, ಮೂರು ಕುರ್ಚಿ, ಮೂರು ಜನ: ಯಜಮಾನರು, ಹಿರಿಯ ಕಲಾವಿದರು, ಸಂದರ್ಶನಕ್ಕೆ ಕರೆಯುವ ಹೆಂಗಸು. ನಾವು ಮೂವರೂ ನಿಂತೇ ಇರಬೇಕಾಯಿತು.

"ಬೇಗ ಹೇಳಿ ಅಮ್ಮ," ಎಂದರು ಯಜಮಾನರು. "ಗಿರಾಕಿ ಹಿಡಿಯೋದು, ಪ್ರೆಸ್‌ಗೆ ಓಡೋದು, ಎಲ್ಲಾ ನಾನೊಬ್ಬನೇ."

"ಪಾಪ," ಎಂದ ಅಕ್ಕ ಹಿರಿಯ ಕಲಾವಿದರ ಮುಂದೆ ಪೆಟ್ಟಿಗೆ ಇಟ್ಟಳು. "ನೀವು ಮಾಡಿದ್ದಂತಲ್ಲ. ಮುಚ್ಚಳದ ಮೂಲೇಲಿ ಈ ಕಚ್ಚು ಯಾಕಿದೆ?"

ಅವರು ಕನ್ನಡಕ ಒರೆಸಿಕೊಂಡರು. "ಅದು... ಅಲಂಕಾರಕ್ಕೆ. ಅರ್ಧಚಂದ್ರ."

"ಒಂದು ಕಡೆ ಆಳ, ಒಂದು ಕಡೆ ತೆಳು. ಚಂದ್ರನಿಗೇನು ಸೊಂಟ ಉಳುಕಿತ್ತಾ? ಬಾರೇ ಇಲ್ಲಿ, ಬೆರಳಿಡು."

ಐವತ್ತು ವರ್ಷ ಕತ್ತರಿ ಹಿಡಿದು ನನ್ನ ಬಲಗೈ ಹೆಬ್ಬೆರಳು ಗೆಣ್ಣಿನ ಬಳಿ ಹೊರಕ್ಕೆ ಬಾಗಿದೆ. ಇಟ್ಟೆ. ಅಚ್ಚಿನಲ್ಲಿ ಎರೆದ ಹಾಗೆ ಕೂತಿತು. ಮುಚ್ಚಳ ತಾನಾಗಿ ತೆರೆಯಿತು.

"ನೆಟ್ಟಗಿದ್ದ ಕಚ್ಚಲ್ಲಿ ಅಜ್ಜಿ ಬೆರಳು ಜಾರ್ತಿತ್ತು," ಎಂದಳು ಹುಡುಗಿ. "ಅದಕ್ಕೆ ಬೆರಳ ಸುತ್ತಾನೇ ಪೆನ್ಸಿಲ್ ಓಡಿಸಿದೆ."

ಯಜಮಾನರು ಕುರ್ಚಿಯಿಂದ ಎದ್ದರು. "ಏನ್ರೀ ಇದು! ನನಗೇ ಮೋಸ ಮಾಡಿದ್ರಾ?"

ಹಿರಿಯ ಕಲಾವಿದರು ತಲೆ ತಗ್ಗಿಸಿದರು. ನಾನೂ ಅವರೇ ಕಳ್ಳ ಎಂದುಕೊಂಡೆ. ಅಕ್ಕ ಮಾತ್ರ ಅವರ ಕಡೆ ನೋಡಲಿಲ್ಲ.

"ಅವರನ್ನ ಬಿಡಿ ಯಜಮಾನ್ರೇ. ಅಂಚಿಗೆ ಹೆಚ್ಚು ಬಣ್ಣ ಬಿಡೋದು ಯಾಕೆ? ಬ್ಲೇಡು ಕೂದಲೆಳೆಯಷ್ಟು ಸರಿದ್ರೂ ಬಿಳಿ ಕಾಣದಿರಲಿ ಅಂತ. ಪ್ರೆಸ್‌ಗೆ ಹೋಗೋ ಹಾಳೆಗೆ ಮಾತ್ರ ಅದು ಬೇಕು, ಪರೀಕ್ಷೆ ಹಾಳೆಗೆ ಬೇಡ." ಆ ಹೆಂಗಸಿನ ಕಡೆ ತಿರುಗಿದಳು. "ಈ ಸಾಲು ನೀವು ಬರೆದದ್ದೇನಮ್ಮಾ?"

"ಹೇಳಿ ಬರೆಸಿದ್ರು," ಎಂದರು ಅವರು ಕೀಲಿಮಣೆ ನೋಡುತ್ತ. "ಅದೇನು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ."

"ಹಾಗಾದ್ರೆ ಬರೆಸಿದವರಿಗೆ ಇದು ಯಂತ್ರಕ್ಕೇ ಹೋಗೋದು ಅಂತ ಆಗಲೇ ಗೊತ್ತಿತ್ತು. ಪ್ರೆಸ್‌ನಲ್ಲಿ ದಿನ ಹಿಡಿದದ್ದು ಐದನೇ ತಾರೀಖು, ಹುಡುಗಿಗೆ ಪತ್ರ ಹೋದದ್ದು ಏಳು. ಐದಕ್ಕೆ ಈ ಕಚ್ಚು ಹುಟ್ಟೇ ಇರಲಿಲ್ಲ, ಈ ಅಜ್ಜಿ ಬೆರಳಿನ ಸುತ್ತ ಪೆನ್ಸಿಲ್ ಇನ್ನೂ ಓಡಿರಲಿಲ್ಲ. ಚಿತ್ರ ಇಲ್ಲದೇನೇ ಯಂತ್ರ ಗೊತ್ತುಮಾಡಿದ್ದು ಯಾರು? ಪ್ರೆಸ್‌ಗೆ ಓಡೋದು ನಾನೊಬ್ಬನೇ ಅಂತ ಈಗ ತಾನೇ ಅಂದ್ರಿ. ಯಾರೋ ಒಬ್ಬರು ಕೆಲಸದ ಆಸೆಗೆ ಮಾಡ್ಕೊಟ್ಟೇ ಕೊಡ್ತಾರೆ ಅನ್ನೋ ಧೈರ್ಯ ನಿಮ್ಮದು. ಕೆಲಸಾನೂ ಸುಳ್ಳು. ನಾಲ್ಕನೆಯವರು ಬಂದಿದ್ರೆ ಎಲ್ಲಿ ಕೂರ್ತಿದ್ರು? ಕುರ್ಚಿಯೇ ಇಲ್ಲ. ಬಾಗಿಲ ಹಾಳೆ ಮಾತ್ರ ವರ್ಷದಿಂದ ಕರೀತಾನೇ ಇದೆ."

ಕೊನೆಗೆ ಹಿರಿಯ ಕಲಾವಿದರೇ ಬಾಯಿಬಿಟ್ಟರು. "ಇದಕ್ಕೆ ನಿಮ್ಮ ಹೆಸರು ಹಾಕ್ತೀನಿ ಅಂತ ಯಜಮಾನ್ರು ನಂಗಂದ್ರು, ನಾನೂ ಹೂಂ ಅಂದೆ. ಈ ವರ್ಷ ಸ್ವಂತವಾಗಿ ಒಂದು ಗೆರೆ ಎಳೆದಿಲ್ಲಮ್ಮ ನಾನು. ಬಂದವರ ಪರೀಕ್ಷೆ ತಿದ್ದೋದೇ ಕೆಲಸ."

"ಎಲ್ಲಾ ಕಡೆ ಹೀಗೇ ನಡೆಯೋದು," ಎಂದರು ಯಜಮಾನರು ಕುಸಿದು ಕೂತು.

"ಗೊತ್ತು," ಎಂದಳು ಅಕ್ಕ ಸುಸ್ತಾಗಿ. "ಅದಕ್ಕೇ ನಂಗೇನೂ ಆಶ್ಚರ್ಯ ಆಗಲಿಲ್ಲ. ಬರೆದುಕೊಡಿ."

ಹಿರಿಯರು ಬರೆದರು, ಯಜಮಾನರು ಸಹಿ ಹಾಕಿದರು.

ಶುಕ್ರವಾರ ಹುಡುಗಿ ಆ ಪತ್ರ ಹಿಡಿದು ಹೋಗಿ ಸಂಜೆ ನಾಲ್ಕಕ್ಕೆ ಬಂದಳು. ಮ್ಯಾನೇಜರಮ್ಮ ಕ್ಷಮೆ ಕೇಳಿದರಂತೆ. ಕೇಳಿದ ಉಸಿರಿನಲ್ಲೇ, "ಇನ್ನೊಂದು ಚಿಕ್ಕ ಪರೀಕ್ಷೆ ಮನೇಲಿ ಮಾಡಿ ತಂದ್ಬಿಡಿ" ಎಂದರಂತೆ.

"ನೀನೇನಂದೆ?"

"ಸೇರಿಸ್ಕೊಂಡ ಮೇಲೆ ಎಷ್ಟು ಬೇಕಾದ್ರೂ ಮಾಡ್ತೀನಿ ಮೇಡಂ, ಅದಕ್ಕೆ ಮೊದಲು ನನ್ನ ಕೈಲಾಗಲ್ಲ ಅಂದೆ."

ಕೈಲಿದ್ದ ಲೋಟ ಕೆಳಗಿಟ್ಟೆ. ಹನ್ನೆರಡನೆಯದೂ ಹೋಯಿತಲ್ಲ!

"ಡೈರಿ ತೆಗೆದು ನೋಡಿದ್ರು. ಆಮೇಲೆ ಸೋಮವಾರ ಒಂಬತ್ತಕ್ಕೆ ಬನ್ನಿ ಅಂದ್ರು."

"ಪರೀಕ್ಷೆಗೋ, ಕೆಲಸಕ್ಕೋ?" ಎಂದಳು ಅಕ್ಕ.

"ಕೆಲಸಕ್ಕೆ," ಎಂದವಳು ಮುಖವನ್ನೂ ತೊಳೆಯದೆ ನನ್ನ ಮಂಚದ ಮೇಲೆ ಅಡ್ಡಾದಳು. ಮರುದಿನ ಬೆಳಗಾಗುವವರೆಗೂ ಮಗ್ಗುಲು ಬದಲಾಯಿಸಲಿಲ್ಲ. ಅಕ್ಕ ಕಿಟಕಿಯ ಪರದೆ ಎಳೆದಳು. ತಟ್ಟೆ ಸದ್ದಾಗದಂತೆ ನಾವಿಬ್ಬರೂ ಊಟ ಮಾಡಿದೆವು.