ಕಾಜಾ ಹುಡುಗಿಯನ್ನು ಹಿಡಿದುಕೊಟ್ಟವರು

ಜಾಮೀನು ಸಿಕ್ಕಿದ ದಿನವೇ ನಮ್ಮ ಬೀದಿಯ ಹೊಲಿಗೆ ಅಂಗಡಿಯ ಹೊಲಿಗೆಯಕ್ಕ ನೇರವಾಗಿ ನಮ್ಮ ಮಹಡಿ ಹತ್ತಿ ಬಂದರು. ಕೂತ್ಕೊಳ್ಳಿ ಎಂದರೂ ಕೂರಲಿಲ್ಲ.

"ಯಾರು ಚಾಡಿ ಹೇಳಿದ್ದು ಅಂತ ಕಂಡುಹಿಡಿದು ಕೊಡಿ. ಜೈಲಿಗೆ ಹೋಗೋದೇ ಆದ್ರೆ ಅಷ್ಟಾದ್ರೂ ಗೊತ್ತಿರಲಿ."

ಕೇಳಿದ್ದು ನನ್ನನ್ನಲ್ಲ, ನನ್ನ ಹೆಂಡತಿಯನ್ನು. ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ಊರ ಉಸಾಬರಿಯೆಲ್ಲ ಇವಳ ತಲೆಗೇ. ಬೀದಿಯಲ್ಲಿ ಏನು ಕಳುವಾದರೂ ಜನ ಠಾಣೆಗಿಂತ ಮೊದಲು ನಮ್ಮ ಮನೆಗೆ ಬರುತ್ತಾರೆ.

ವಿಷಯ ಇಷ್ಟು. ಅಕ್ಕನ ಅಂಗಡಿಯಲ್ಲಿ ಅಂಗಿಗಳಿಗೆ ಕಾಜಾ ಹೊಲಿಯುತ್ತಿದ್ದ ಹುಡುಗಿ ಹೊರದೇಶದವಳು. ಇಲ್ಲಿರಲು ಬೇಕಾದ ಯಾವ ಕಾಗದವೂ ಅವಳ ಬಳಿ ಇರಲಿಲ್ಲ. ಅದು ಗೊತ್ತಿದ್ದೂ ಅಕ್ಕ ಅವಳಿಗೆ ಹಿಂದಿನ ಕೋಣೆ ಬಿಟ್ಟುಕೊಟ್ಟಿದ್ದರು. ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಹುಡುಗಿ ಸಿಕ್ಕಿಬಿದ್ದಳು, ಆಶ್ರಯ ಕೊಟ್ಟ ತಪ್ಪಿಗೆ ಅಕ್ಕನ ಮೇಲೂ ಕೇಸು ಬಿತ್ತು.

"ಇನ್ಯಾರು, ನನ್ನ ಮೈದುನನೇ. ನಾನಿರೋ ಮನೆ ಮೇಲೆ ಕಣ್ಣು ಅವನಿಗೆ," ಎಂದರು ಅಕ್ಕ. ನನಗೂ ಹಾಗೇ ಅನ್ನಿಸಿತು. ಆ ಮನುಷ್ಯನ ಮುಖ ಕಂಡರೆ ನನಗಾಗದು.

ಮಾರನೆಯ ದಿನ ನನ್ನವಳು ಎಲ್ಲರನ್ನೂ ಅಂಗಡಿಗೆ ಕರೆಸಿದಳು. ಇನ್ಸ್‌ಪೆಕ್ಟರ್ ಚಿಕ್ಕಂದಿನಲ್ಲಿ ಇವಳ ಕೈಲಿ ಸೂಜಿ ಚುಚ್ಚಿಸಿಕೊಂಡವನು. ಇಲ್ಲವೆನ್ನಲಾರದೆ ಹುಡುಗಿಯನ್ನೂ ಕರೆತಂದ. ಮೈದುನ ಬಾಗಿಲಲ್ಲೇ ನಿಂತು ಆಣೆ ಹಾಕತೊಡಗಿದ.

"ಫೋನಲ್ಲಿ ಏನಂದ್ರಪ್ಪ?" ಎಂದಳು ನನ್ನ ಹೆಂಡತಿ.

"ಪಿಸುಮಾತು, ಗಂಡೋ ಹೆಣ್ಣೋ ತಿಳೀಲಿಲ್ಲ. ಅಕ್ಕ ಬೆಳಿಗ್ಗೆ ನೂಲು ತರೋಕೆ ಹೋಗಿರ್ತಾರೆ, ಆಗಲೇ ಬನ್ನಿ ಅಂತ ಮತ್ತೆ ಮತ್ತೆ ಹೇಳಿದ್ರು," ಎಂದ ಇನ್ಸ್‌ಪೆಕ್ಟರ್.

"ನಾನು ಪರ್ಸ್ ಮರೆತು ವಾಪಸ್ ಬಂದೆ, ಸಿಕ್ಕಿಬಿದ್ದೆ," ಎಂದರು ಅಕ್ಕ.

"ಬಾಗಿಲು ಹೇಗಿತ್ತು?" ನನ್ನವಳು ಇನ್ಸ್‌ಪೆಕ್ಟರ್‌ನನ್ನು ಕೇಳಿದಳು.

"ಮುಂಬಾಗಿಲು ತೆರೆದಿತ್ತು, ಹಿಂಬಾಗಿಲಿಗೆ ಒಳಗಿಂದ ಚಿಲಕ. ಇವಳು ಚಪ್ಪಲಿ ಮೆಟ್ಟಿಕೊಂಡು, ಬಟ್ಟೆಗಂಟು ಹಿಡ್ಕೊಂಡು ಕೂತಿದ್ಳು. ಓಡಿಹೋಗೋ ತಯಾರಿ," ಎಂದ ಇನ್ಸ್‌ಪೆಕ್ಟರ್.

"ಓಡೋಳು ಹಿಂಬಾಗಿಲಿಗೆ ಚಿಲಕ ಹಾಕ್ಕೊಂಡು ಕೂರ್ತಾಳಾ? ಇನ್ನು ಮೈದುನ. ಮನೆ ಬೇಕು ಅನ್ನೋನಿಗೆ ಅತ್ತಿಗೆ ಸಿಕ್ಕಿಬೀಳ್ಬೇಕು. ಅತ್ತಿಗೆ ಇಲ್ಲದ ಹೊತ್ತು ನೋಡಿ ಪೊಲೀಸರನ್ನ ಯಾಕೆ ಕರೀತಾನೆ? ಫೋನ್ ಮಾಡಿದೋರಿಗೆ ಅಕ್ಕನ ಮೇಲೆ ಪ್ರೀತಿ ಇತ್ತು. ಪೊಲೀಸರು ಬರೋದು ಗೊತ್ತಿತ್ತು, ಹೊರಟು ಕೂತಿದ್ರು." ಹುಡುಗಿಯತ್ತ ತಿರುಗಿ ಮೆತ್ತಗೆ ಕೇಳಿದಳು, "ಅಲ್ವೇನಮ್ಮ?"

ಹುಡುಗಿ ಬಿಕ್ಕಿದಳು. "ನಮ್ಮಮ್ಮ ಹಾಸಿಗೆ ಹಿಡಿದಿದಾಳೆ. ದಿನಾ ನನ್ನ ಹೆಸರೇ ಕೂಗ್ತಾಳಂತೆ. ಕಾಗದ ಇಲ್ದೆ ಟಿಕೆಟ್ ಕೊಡಲ್ಲ. ಸಿಕ್ಕಿಬಿದ್ರೆ ಪೊಲೀಸರೇ ಊರಿಗೆ ಕಳಿಸ್ತಾರೆ ಅಂತ ಯಾರೋ ಅಂದ್ರು. ಠಾಣೆಗೆ ಹೋಗೋಕೆ ಧೈರ್ಯ ಬರ್ಲಿಲ್ಲ. ನನ್ನೊಬ್ಬಳ್ನೇ ಕರ್ಕೊಂಡು ಹೋಗ್ತಾರೆ ಅಂದ್ಕೊಂಡೆ ಅಕ್ಕಾ. ಇಟ್ಕೊಂಡೋರಿಗೂ ಶಿಕ್ಷೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."

 

"ಈಗ ಕಳಿಸೋಕೂ ಆಗಲ್ಲ," ಎಂದ ಇನ್ಸ್‌ಪೆಕ್ಟರ್. "ಅಕ್ಕನ ಕೇಸಲ್ಲಿ ಇವಳೇ ಸಾಕ್ಷಿ. ವಿಚಾರಣೆ ಮುಗಿಯೋವರೆಗೆ ಇಲ್ಲೇ ಇರಬೇಕು. ವರ್ಷಗಟ್ಟಲೆ ಹಿಡೀಬಹುದು."

"ಅಷ್ಟು ದಿನ ಅಮ್ಮ ಉಳಿಯಲ್ಲ," ಎಂದಳು ಹುಡುಗಿ.

ಅಕ್ಕ ಇನ್ಸ್‌ಪೆಕ್ಟರ್ ಕಡೆ ತಿರುಗಿದರು. "ನಾನೇ ತಪ್ಪು ಒಪ್ಕೊಂಡ್ರೆ?" ಎಂದರು.

"ಆಗ ಸಾಕ್ಷಿ ಬೇಕಿಲ್ಲ, ಇವಳನ್ನ ಕಳಿಸಬಹುದು. ಆದ್ರೆ ನೀವು ನೇರ ಜೈಲಿಗೆ."

"ಸರಿ, ಬರ್ಕೊಳ್ಳಿ. ಗೊತ್ತಿದ್ದೇ ಇಟ್ಕೊಂಡಿದ್ದೆ." ಹುಡುಗಿಯ ತಲೆಗೆ ಮೊಟಕಿದರು. "ಹುಚ್ಚಿ, ಒಂದು ಮಾತು ನಂಗೆ ಹೇಳಬಾರದಿತ್ತಾ?"

ಜೈಲಿಗೆ ನೋಡಲು ಹೋದಾಗ ಅಕ್ಕ ಮೊದಲು ಕೇಳಿದ್ದೇ ಹುಡುಗಿಯ ಸುದ್ದಿ.

"ಊರು ಸೇರಿ ಫೋನ್ ಮಾಡಿದ್ಲು. ತಾಯಿ ಗುರುತು ಹಿಡಿದ್ರಂತೆ. ನಿಮ್ಮನ್ನೇ ಕೇಳ್ತಿದ್ಲು," ಎಂದಳು ನನ್ನ ಹೆಂಡತಿ.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅವಳ ದನಿ ಒಂದ್ಸಲ ಕೇಳ್ಬೇಕು ಅನ್ಸುತ್ತೆ ಕಣ್ರೀ. ಇನ್ನೊಂದ್ಸಲ ಫೋನ್ ಬಂದ್ರೆ, ನನ್ನ ಬಿಟ್ಟುಬಿಟ್ರು ಅನ್ನಿ. ಅಂಗಡೀಲೇ ಕೂತಿದಾರೆ ಅನ್ನಿ."